ಏಳಿಗೆಯೂ ಇಳಿಗಾಲವೂ: ರಾಯ್ ಬ್ಲ್ಯಾಕ್ ಎಂಬ ಜರ್ಮನ್ ಗಾಯಕನ ಕಥೆ

1966ರ ಆದಿಯಲ್ಲಿ, ಪಶ್ಚಿಮ ಜರ್ಮನಿಯ ತರುಣರು ಲಿವರ್‌ಪೂಲಿನ ಬೀಟಲ್ಸ್ ತಂಡದ ನಾಲ್ವರು ಗಾಯಕರಿಗೆ ಮರುಳಾಗಿ, ಕೂದಲನ್ನು ಕಿವಿಯ ಮೇಲೆ ಇಳಿಬಿಟ್ಟು, ಹೆತ್ತವರ ಕೋಪವನ್ನೂ ಉಪಾಧ್ಯಾಯರ ಗದರಿಕೆಯನ್ನೂ ಲೆಕ್ಕಿಸದೆ ಗಿಟಾರು ಮೀಟುತ್ತಿದ್ದ ಕಾಲದಲ್ಲಿಯೇ, ಆ ದೇಶದ ರೆಕಾರ್ಡು ಅಂಗಡಿಗಳಲ್ಲಿ ತಿಂಗಳುಗಟ್ಟಲೆ ಮಾರಾಟದ ಮುಂಚೂಣಿಯಲ್ಲಿ ನಿಂತ ಹಾಡೊಂದು ಆ ಅಬ್ಬರಕ್ಕೆಲ್ಲ ಸಂಪೂರ್ಣ ವಿಮುಖವಾಗಿತ್ತು. ಬಿಳಿಯುಡುಗೆ ತೊಟ್ಟು, ಕೈಯಲ್ಲಿ ಹೂಗೊಂಚಲು ಹಿಡಿದು ನಿಂತ ಮದುವಣಗಿತ್ತಿಯನ್ನು ಕಲ್ಪಿಸಿಕೊಂಡು ಪುಳಕಗೊಳ್ಳುವ ವರನ ಹಾಡು ಅದು. 'ಗಾಂಟ್ಸ್ ಇನ್ ವೈಸ್' ಎಂದು ಅದರ ಹೆಸರು. ಹಾಡಿದವನು ಇಪ್ಪತ್ಮೂರು ವರ್ಷದ ರಾಯ್ ಬ್ಲ್ಯಾಕ್. ಕಪ್ಪು ಕೂದಲನ್ನು ಒಪ್ಪವಾಗಿ ಬಾಚಿ, ಸೂಟು ಧರಿಸಿ, ಮೈಕಿನ ಮುಂದೆ ಅತ್ತಿತ್ತ ಅಲುಗದೆ ನಿಂತು, ಮಗಳಿರುವ ಯಾವ ತಾಯಿಯೂ ಅಳಿಯನನ್ನಾಗಿ ಬಯಸಬಹುದಾದಷ್ಟು ವಿನಯದಿಂದ ಹಾಡುತ್ತಿದ್ದ ತರುಣ. ಆ ರೆಕಾರ್ಡಿನ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ಅಲ್ಲಿಂದ ಇಪ್ಪತ್ತೈದು ವರ್ಷಗಳ ಮೇಲೆ, 1991ರ ಅಕ್ಟೋಬರ್ 9ರಂದು, ಬವೇರಿಯದ ಹೆಲ್ಡೆನ್‌ಸ್ಟೈನ್ ಎಂಬ ಹಳ್ಳಿಯ ಬಳಿ, ಮೀನು ಹಿಡಿಯುವ ಹವ್ಯಾಸಕ್ಕೆಂದು ಇರಿಸಿಕೊಂಡಿದ್ದ ಗುಡಿಸಲಿನಲ್ಲಿ, ಆತನು ಒಬ್ಬಂಟಿಯಾಗಿ ಪ್ರಾಣಬಿಟ್ಟನು. ಆಗ ಆತನಿಗೆ ನಲವತ್ತೆಂಟು ವರ್ಷ.

ಈ ಎರಡು ತುದಿಗಳ ನಡುವಣ ಬದುಕನ್ನು ಜರ್ಮನಿಯ ಸಚಿತ್ರ ವಾರಪತ್ರಿಕೆಗಳು ಬಹುಕಾಲದಿಂದ ಒಂದೇ ಕ್ರಮದಲ್ಲಿ ಹೇಳುತ್ತ ಬಂದಿವೆ: ಮೊದಲು ಕೀರ್ತಿ, ಅನಂತರ ಮದ್ಯ, ಆಮೇಲೆ ವಿವಾಹವಿಚ್ಛೇದ, ಕಡೆಗೆ ರೋಗ ಮತ್ತು ಮರಣ. ಹೀಗೆ ಹೇಳಿದಾಗ ಅದೊಬ್ಬ ದುರ್ಬಲಚಿತ್ತನ ಕಥೆಯಾಗುತ್ತದೆ. ಓದಿದವರು ಅಯ್ಯೋ ಎಂದು ಮರುಗಿ ಪುಟ ತಿರುವಬಹುದು. ಆದರೆ ಆತನ ಹಾಡುಗಳು ಎಲ್ಲಿ, ಯಾರಿಂದ, ಯಾರಿಗಾಗಿ ತಯಾರಾದವು ಎಂಬುದನ್ನು ಸ್ವಲ್ಪ ಸಾವಧಾನವಾಗಿ ವಿಚಾರಿಸಿದವರಿಗೆ ಬೇರೊಂದು ಸಂಗತಿ ಗೋಚರವಾಗುವುದು. ಆತನನ್ನು ಮೇಲಕ್ಕೆತ್ತಿದುದು ಯಾವುದೋ, ಕೆಳಗಿಳಿಸಿದುದೂ ಅದೇ. ಒಂದು ಕಂಠವು ಒಂದು ಕಾಲದ ಮನೋರಥಕ್ಕೆ ತೀರ ಬಿಗಿಯಾಗಿ ಹೊಂದಿಕೊಂಡರೆ, ಆ ಕಾಲವು ಸರಿದುಹೋಗುವಾಗ ಕಂಠವನ್ನು ಹಿಂದೆಯೇ ಬಿಟ್ಟುಹೋಗುತ್ತದೆ. ಇದರಲ್ಲಿ ಗಾಯಕನ ಪ್ರತಿಭೆಯೂ ದೌರ್ಬಲ್ಯವೂ ವಹಿಸುವ ಪಾತ್ರ ನಾವು ಭಾವಿಸುವುದಕ್ಕಿಂತ ಕಡಮೆ.

ರಾಕ್ ಗಾಯಕನಾಗಬಯಸಿದ ಹುಡುಗ

ರಾಯ್ ಬ್ಲ್ಯಾಕ್ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. 1943ರ ಜನವರಿ 25ರಂದು ಆಗ್ಸ್‌ಬರ್ಗ್ ನಗರದ ಸಮೀಪದ ಸ್ಟ್ರಾಸ್‌ಬೆರ್ಗ್ ಎಂಬ ಹಳ್ಳಿಯಲ್ಲಿ ಜನಿಸಿದ ಆತನ ನಿಜನಾಮ ಗೆರ್‌ಹಾರ್ಡ್ ಹ್ಯೋಲೆರಿಖ್. ಮಗುವಿಗೆ ಒಂದು ವರ್ಷ ತುಂಬಿದ ಮರುತಿಂಗಳೇ ಆಗ್ಸ್‌ಬರ್ಗ್ ನಗರವು ವಿಮಾನದಾಳಿಗೆ ಸಿಕ್ಕಿ ಹಳೆಯ ಪೇಟೆಯ ಬಹುಭಾಗ ಸುಟ್ಟುಹೋಯಿತು. ಯುದ್ಧ ಮುಗಿದ ಮೇಲೆ ಅದೇ ನಗರದಲ್ಲಿ ಅಮೆರಿಕದ ಸೇನೆ ದೊಡ್ಡ ಪಾಳೆಯವನ್ನು ಹೂಡಿತು. ಸೈನಿಕರೊಡನೆ ಅವರ ಬಾನುಲಿ ಕೇಂದ್ರವೂ, ಅವರ ಹಾಡುಗಳೂ ಬಂದವು. ಹೀಗೆ ಪಾಳುಗೋಡೆಗಳ ನಡುವೆ ಬೆಳೆದ ಒಂದು ತಲೆಮಾರಿನ ಜರ್ಮನ್ ಹುಡುಗರಿಗೆ ಎಲ್ವಿಸ್ ಪ್ರೀಸ್ಲಿಯ ಧ್ವನಿಯು ಮನೆಯ ಹಿರಿಯರ ಮೌನಕ್ಕಿಂತ ಹೆಚ್ಚು ಪರಿಚಿತವಾಯಿತೆಂದರೆ ಅದರಲ್ಲಿ ಆಶ್ಚರ್ಯವಿಲ್ಲ.

ಗೆರ್‌ಹಾರ್ಡನು ಆಗ್ಸ್‌ಬರ್ಗಿನಲ್ಲಿ ಪ್ರೌಢವಿದ್ಯಾಭ್ಯಾಸವನ್ನು ಪೂರೈಸಿ, ಮ್ಯೂನಿಕ್ಕಿನಲ್ಲಿ ವಾಣಿಜ್ಯಶಾಸ್ತ್ರದ ವ್ಯಾಸಂಗಕ್ಕೆ ತೊಡಗಿದನಾದರೂ, ಮನಸ್ಸೆಲ್ಲ ಗೆಳೆಯರೊಡನೆ 1963ರಲ್ಲಿ ಕಟ್ಟಿಕೊಂಡಿದ್ದ ವಾದ್ಯತಂಡದಲ್ಲಿತ್ತು. 'ರಾಯ್ ಬ್ಲ್ಯಾಕ್ ಅಂಡ್ ಹಿಸ್ ಕ್ಯಾನನ್ಸ್' ಎಂದು ಆ ತಂಡದ ನಾಮಧೇಯ. ತನ್ನ ಆರಾಧ್ಯನಾದ ಅಮೆರಿಕನ್ ಗಾಯಕ ರಾಯ್ ಆರ್ಬಿಸನ್ನನಿಂದ ಮೊದಲ ಹೆಸರನ್ನೂ, ತನ್ನ ಕಡುಗಪ್ಪು ಕೂದಲಿನಿಂದ ಎರಡನೆಯದನ್ನೂ ಪಡೆದು, ಗೆರ್‌ಹಾರ್ಡನು ರಾಯ್ ಬ್ಲ್ಯಾಕನಾದನು. ಆಗ್ಸ್‌ಬರ್ಗಿನ ನೃತ್ಯಶಾಲೆಗಳಲ್ಲಿ ಅವರು ನುಡಿಸುತ್ತಿದ್ದುದು ರಾಕ್ ಅಂಡ್ ರೋಲ್ ಸಂಗೀತ. ಆ ಹೆಸರನ್ನು ಧರಿಸಿದಾಗ ಆತನು ತನ್ನ ಭವಿಷ್ಯವನ್ನು ಯಾವ ರೂಪದಲ್ಲಿ ಕಂಡುಕೊಂಡಿದ್ದನೆಂಬುದಕ್ಕೆ ಆ ಹೆಸರೇ ಸಾಕ್ಷಿ. ಮುಂದೆ ಆ ಹೆಸರು ಇಡೀ ದೇಶಕ್ಕೆ ಪ್ರಸಿದ್ಧವಾಯಿತು; ಆದರೆ ಅದನ್ನು ಇಟ್ಟುಕೊಂಡ ಉದ್ದೇಶವು ಮಾತ್ರ ಆಗ್ಸ್‌ಬರ್ಗಿನಲ್ಲಿಯೇ ಉಳಿದುಹೋಯಿತು.

ಹಾಡು ತಯಾರಾಗುತ್ತಿದ್ದ ಬಗೆ

1964ರಲ್ಲಿ ಪಾಲಿಡೋರ್ ಕಂಪನಿ ಈ ತಂಡದೊಡನೆ ಕರಾರು ಮಾಡಿಕೊಂಡಿತು. ಶಾಸ್ತ್ರೀಯ ಸಂಗೀತಕ್ಕೆ ಜಗತ್ಪ್ರಸಿದ್ಧವಾದ ಡಾಯ್ಚ ಗ್ರಾಮಫೋನ್ ಸಂಸ್ಥೆಯೇ ತನ್ನ ಲಘುಸಂಗೀತದ ಮುದ್ರಿಕೆಗಳಿಗೆ ಇಟ್ಟುಕೊಂಡಿದ್ದ ಹೆಸರು ಪಾಲಿಡೋರ್. ಕೌತುಕದ ಸಂಗತಿಯೆಂದರೆ, 1961ರಲ್ಲಿ ಹ್ಯಾಂಬರ್ಗಿನಲ್ಲಿ ಟೋನಿ ಶೆರಿಡನ್ ಎಂಬ ಗಾಯಕನಿಗೆ ಹಿನ್ನೆಲೆಯಾಗಿ, ಆಗಿನ್ನೂ ಅಜ್ಞಾತರಾಗಿದ್ದ ಬೀಟಲ್ಸ್ ತಂಡದವರು ನುಡಿಸಿದ ಹಾಡುಗಳನ್ನು ಮುದ್ರಿಸಿದುದೂ ಇದೇ ಪಾಲಿಡೋರ್. ತನ್ನ ಕೈಗೆ ಬಂದಿದ್ದ ಬೀಟಲ್ಸರನ್ನು ಕೈಬಿಟ್ಟ ಕಂಪನಿಯು, ಮೂರು ವರ್ಷಗಳ ಮೇಲೆ ಕೈಗೆ ಬಂದ ರಾಕ್ ಗಾಯಕನನ್ನು ಉಳಿಸಿಕೊಂಡಿತಾದರೂ, ಉಳಿಸಿಕೊಂಡುದು ಬೇರೊಂದು ರೂಪದಲ್ಲಿ. ತಂಡದ ಮೊದಲ ಮುದ್ರಿಕೆಗಳು ಹೆಚ್ಚು ಸದ್ದು ಮಾಡದಿದ್ದಾಗ, ಹ್ಯಾನ್ಸ್ ಬರ್ಟ್ರಾಮ್ ಎಂಬ ನಿರ್ಮಾಪಕನು ಈ ತರುಣನ ಧ್ವನಿಯಲ್ಲಿದ್ದ ಮೃದುತ್ವವನ್ನು ಗುರುತಿಸಿ, ಗಿಟಾರು ಡೋಲುಗಳನ್ನು ಬದಿಗೆ ಸರಿಸಿ, ಪಿಟೀಲುಗಳ ಮೇಳವನ್ನು ಆತನ ಹಿಂದೆ ನಿಲ್ಲಿಸಿದನು. ಕ್ಯಾನನ್ಸ್ ತಂಡ ಹಿಂದೆ ಸರಿಯಿತು. ರಾಯ್ ಬ್ಲ್ಯಾಕ್ ಏಕಾಂಗಿ ಗಾಯಕನಾದನು. 1965ರಲ್ಲಿ 'ಡು ಬಿಸ್ಟ್ ನಿಖ್ಟ್ ಅಲ್ಲೈನ್' ಎಂಬ ಹಾಡು ಜನಮನವನ್ನು ಸೆಳೆಯಿತು. ಅದರ ಬೆನ್ನಿಗೆ, ರೋಲ್ಫ್ ಆರ್ಲಂಡನು ರಾಗ ಹಾಕಿ ಕುರ್ಟ್ ಹೆರ್ಟಾ ಸಾಹಿತ್ಯ ಬರೆದ ಆ ಬಿಳಿಯುಡುಗೆಯ ವಧುವಿನ ಹಾಡು ಬಂದಿತು.

ಜರ್ಮನ್ ಭಾಷೆಯ ಈ ಜನಪ್ರಿಯ ಗೀತಪ್ರಕಾರಕ್ಕೆ 'ಶ್ಲಾಗರ್' ಎಂದು ಹೆಸರು. ಸರಳವಾದ ರಾಗ, ಒಮ್ಮೆ ಕೇಳಿದರೆ ಬಾಯಿಗೆ ಬರುವ ಪಲ್ಲವಿ, ಪ್ರೀತಿ ವಿರಹ ತೌರೂರು ದೂರದ ದ್ವೀಪ ಮುಂತಾದ ಕೆಲವೇ ವಸ್ತುಗಳು, ಮತ್ತು ಯಾವುದೇ ಸಂದರ್ಭದಲ್ಲಿಯೂ ಕೇಳುವವನ ಮನಸ್ಸನ್ನು ಕಲಕದೆ ಸಂತೈಸಬೇಕೆಂಬ ಸಂಕಲ್ಪ, ಇವು ಅದರ ಲಕ್ಷಣಗಳು. ಅದು ತಯಾರಾಗುವ ಕ್ರಮವನ್ನು ಗಮನಿಸಿದರೆ ಗಾಯಕನ ಸ್ಥಾನವೇನೆಂಬುದು ತಿಳಿಯುತ್ತದೆ. ರಾಗವನ್ನು ಒಬ್ಬನು ರಚಿಸುತ್ತಾನೆ, ಸಾಹಿತ್ಯವನ್ನು ಮತ್ತೊಬ್ಬನು ಬರೆಯುತ್ತಾನೆ, ಯಾವ ಹಾಡನ್ನು ಯಾರು ಹಾಡಬೇಕೆಂಬುದನ್ನು ನಿರ್ಮಾಪಕನು ನಿರ್ಣಯಿಸುತ್ತಾನೆ, ಮಾರುವ ಹೊಣೆ ಕಂಪನಿಯದು. ಬಾನುಲಿ, ದೂರದರ್ಶನ, ಊಟದ ಮನೆಗಳಲ್ಲಿ ನಾಣ್ಯ ಹಾಕಿದರೆ ಹಾಡುವ ಪೆಟ್ಟಿಗೆ, ಸಚಿತ್ರ ಪತ್ರಿಕೆ, ಇವೆಲ್ಲವೂ ಸೇರಿ ಅದನ್ನು ಮನೆಮನೆಗೆ ಮುಟ್ಟಿಸುತ್ತವೆ. ಈ ದೀರ್ಘ ಸರಪಣಿಯಲ್ಲಿ ಜನರ ಕಣ್ಣಿಗೆ ಬೀಳುವವನು ಗಾಯಕನೊಬ್ಬನೇ. ಆದರೆ ನಿರ್ಣಯದ ಅಧಿಕಾರವಿಲ್ಲದವನೂ ಅವನೊಬ್ಬನೇ. ಹಾಡು ಗೆದ್ದರೆ ಕೀರ್ತಿಯೆಲ್ಲ ಆತನಿಗೆ ಸಲ್ಲುತ್ತದೆ, ಸೋತರೆ ಅಪಕೀರ್ತಿಯೂ ಹಾಗೆಯೇ. ಎರಡನ್ನೂ ಹೊರುವವನಿಗೆ ಮುಂದಿನ ಹಾಡು ಹೇಗಿರಬೇಕೆಂದು ಹೇಳುವ ಸ್ವಾತಂತ್ರ್ಯ ಮಾತ್ರ ಇರುವುದಿಲ್ಲ.

ಆ ಹಾಡು ಆ ಹೊತ್ತಿನಲ್ಲಿ ಏಕೆ ಅಷ್ಟು ನಾಟಿತು? ರಾಗದ ಮಾಧುರ್ಯವೊಂದರಿಂದಲೇ ಎನ್ನಲಾಗದು. 1948ರ ನಾಣ್ಯಸುಧಾರಣೆಯ ಅನಂತರ ಪಶ್ಚಿಮ ಜರ್ಮನಿ ಅತಿಶೀಘ್ರವಾಗಿ ಶ್ರೀಮಂತವಾಗುತ್ತ ಬಂದಿದ್ದಿತು. ಮನೆಗಳೆದ್ದವು, ಕಾರುಗಳು ಬಂದವು, ಇಟಲಿಯ ಕಡಲತಡಿಗೆ ರಜೆಯ ಪ್ರವಾಸ ಹೋಗುವುದು ಸಾಮಾನ್ಯ ಸಂಸಾರಕ್ಕೂ ಸಾಧ್ಯವಾಯಿತು. ಆದರೆ ಮಹಾಯುದ್ಧದಲ್ಲಿ ಅಸಂಖ್ಯಾತ ವಿವಾಹಗಳು ಮುರಿದುಹೋಗಿದ್ದವು. ಅನೇಕರು ಕಡ ತಂದ ಉಡುಪಿನಲ್ಲಿ, ತರಾತುರಿಯಿಂದ, ರಣರಂಗಕ್ಕೆ ಹೊರಟ ವರನನ್ನು ವರಿಸಿದ್ದರು. ಆ ಪೀಳಿಗೆಯ ತಾಯಂದಿರಿಗೆ, ಮಗಳ ಮದುವೆಯಾದರೂ ಯಾವ ಆತಂಕವೂ ಇಲ್ಲದೆ, ಬಿಳಿಯ ರೇಷ್ಮೆಯಲ್ಲಿ, ಚರ್ಚಿನ ಗಂಟೆಯ ನಾದದ ನಡುವೆ ನಡೆಯಬೇಕೆಂಬ ಆಸೆ ಎಷ್ಟು ಪ್ರಬಲವಾಗಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ. ರಾಯ್ ಬ್ಲ್ಯಾಕನ ಹಾಡು ಆ ಆಸೆಯ ಈಡೇರಿಕೆಯಂತಿತ್ತು. ಅದನ್ನು ಕೊಂಡವರಲ್ಲಿ ಹದಿನಾರರ ಹುಡುಗಿಯರಿದ್ದಂತೆಯೇ ಅವರ ತಾಯಂದಿರೂ ಅಜ್ಜಿಯರೂ ಇದ್ದರು. ಮೂರು ತಲೆಮಾರುಗಳು ಒಂದೇ ಮುಖವನ್ನು ಮೆಚ್ಚುವುದು ಮನರಂಜನೆಯ ವ್ಯಾಪಾರದಲ್ಲಿ ಅಪೂರ್ವವಾದ ಭಾಗ್ಯ.

ಶಿಖರದ ವರ್ಷಗಳು

ಆ ಭಾಗ್ಯವು ಆರೇಳು ವರ್ಷ ಅವಿಚ್ಛಿನ್ನವಾಗಿ ನಡೆಯಿತು. ತರುಣರ ಪತ್ರಿಕೆಯಾದ 'ಬ್ರಾವೊ' ತನ್ನ ಓದುಗರ ಮತದಿಂದ ಕೊಡುತ್ತಿದ್ದ 'ಆಟ್ಟೊ' ಪ್ರಶಸ್ತಿಯನ್ನು ಆತನು ಒಂದಕ್ಕಿಂತ ಹೆಚ್ಚು ಬಾರಿ ಪಡೆದನು. 1966ರ ಜೂನ್ ತಿಂಗಳಲ್ಲಿ ಬೀಟಲ್ಸರನ್ನು ಮ್ಯೂನಿಕ್, ಎಸ್ಸೆನ್, ಹ್ಯಾಂಬರ್ಗ್ ನಗರಗಳಿಗೆ ಕರೆತಂದ ಪತ್ರಿಕೆಯೂ ಇದೇ ಎಂಬುದನ್ನು ನೆನೆದರೆ, ಆ ಕಾಲದ ಜರ್ಮನ್ ತಾರುಣ್ಯದ ಮನಸ್ಸು ಒಂದೇ ದಿಕ್ಕಿಗೆ ಹರಿಯುತ್ತಿರಲಿಲ್ಲವೆಂಬುದು ಸ್ಪಷ್ಟವಾಗುತ್ತದೆ. 1969ರ ಜನವರಿಯಲ್ಲಿ ಝಡ್‌ಡಿಎಫ್ ದೂರದರ್ಶನ ಸಂಸ್ಥೆ ಬರ್ಲಿನ್ನಿನಿಂದ 'ಹಿಟ್‌ಪರಾಡೆ' ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಜರ್ಮನ್ ಭಾಷೆಯ ಹಾಡುಗಳಿಗೆಂದೇ ಮೀಸಲಾದ, ಡೀಟರ್ ಥಾಮಸ್ ಹೆಕ್ ಎಂಬ ವಾಚಾಳಿ ನಿರೂಪಕನು ನಡೆಸುತ್ತಿದ್ದ ಆ ಕಾರ್ಯಕ್ರಮವು ಶ್ಲಾಗರ್ ಗಾಯಕರಿಗೆ ಪ್ರತಿತಿಂಗಳೂ ಕೋಟ್ಯಂತರ ಕಣ್ಣುಗಳ ಮುಂದೆ ನಿಲ್ಲುವ ವೇದಿಕೆಯನ್ನು ಒದಗಿಸಿಕೊಟ್ಟಿತು.

ಚಲನಚಿತ್ರಗಳೂ ಆತನನ್ನು ಬರಮಾಡಿಕೊಂಡವು. 1968ರ 'ಇಮ್ಮರ್ ಎರ್ಗರ್ ಮಿಟ್ ಡೆನ್ ಪೌಕರ್ನ್', 1969ರ 'ಹಿಲ್ಫೆ, ಇಖ್ ಲೀಬೆ ಟ್ಸ್‌ವಿಲಿಂಗೆ' ಮೊದಲಾದ ಹಾಸ್ಯಚಿತ್ರಗಳಲ್ಲಿ ಉಶಿ ಗ್ಲಾಸ್ ಎಂಬ ನಟಿಯೊಡನೆ ಅಭಿನಯಿಸಿ, ಕಥೆಯ ನಡುವೆ ಅಲ್ಲಲ್ಲಿ ಹಾಡಿ, ಆತನು ಚಿತ್ರಮಂದಿರಗಳನ್ನೂ ತುಂಬಿದನು. ಈ ಚಿತ್ರಗಳಲ್ಲಿ ಆತನ ಪಾತ್ರಗಳ ವೃತ್ತಿ ಬೇರೆಬೇರೆಯಾದರೂ ಸ್ವಭಾವವು ಒಂದೇ: ಶಿಷ್ಟ, ಸುಶೀಲ, ಸ್ವಲ್ಪ ನಾಚಿಕೆಯವನು, ಕಡೆಯಲ್ಲಿ ಮದುವೆಯಾಗುವವನು. 1971ರಲ್ಲಿ ಅನಿಟಾ ಹೆಗರ್‌ಲಂಡ್ ಎಂಬ ಹತ್ತು ವರ್ಷದ ನಾರ್ವೆಯ ಬಾಲಕಿಯೊಡನೆ ಹಾಡಿದ 'ಶ್ಯೋನ್ ಇಸ್ಟ್ ಎಸ್ ಔಫ್ ಡೆರ್ ವೆಲ್ಟ್ ಟ್ಸು ಜೈನ್' ಎಂಬ ಗೀತೆ, ಈ ಲೋಕದಲ್ಲಿ ಬಾಳುವುದು ಎಷ್ಟು ಸೊಗಸು ಎಂಬ ಭಾವದ ಹಾಡು, ಆತನ ಅತಿ ದೊಡ್ಡ ಗೆಲವುಗಳಲ್ಲಿ ಒಂದಾಯಿತು. ಇಂದಿಗೂ ಜರ್ಮನಿಯ ಮಕ್ಕಳು ಅದನ್ನು ಬಲ್ಲರು. ಆದರೆ ಮದುವಣಿಗನಾಗಿ ಲೋಕಕ್ಕೆ ಪರಿಚಿತನಾದವನು ಐದು ವರ್ಷಗಳಲ್ಲಿ ಮಕ್ಕಳ ಮಾಮನಾಗಿ ಮಾರ್ಪಟ್ಟಿದ್ದನು ಎಂಬುದನ್ನೂ ಗಮನಿಸಬೇಕು. ಹದಿಹರೆಯದ ಶ್ರೋತೃಗಳು ಆತನ ಕೈಬಿಟ್ಟು ಹೋಗುತ್ತಿದ್ದರು. ಅಜ್ಜಿಯರೂ ಎಳೆಯ ಮಕ್ಕಳೂ ಉಳಿದರು. ಶಿಖರದ ಮೇಲೆ ನಿಂತಿರುವಾಗಲೇ ಇಳಿಜಾರು ಮೊದಲಾಗಿತ್ತು.

ಕಾಲ ಸರಿದ ಬಗೆ

ಹಾಡಿನಲ್ಲಿದ್ದ ಮದುವೆಗೂ ನಾಡಿನಲ್ಲಿದ್ದ ಮದುವೆಗೂ ಅಂತರವು ವರ್ಷೇ ವರ್ಷೇ ಹೆಚ್ಚುತ್ತಿತ್ತು. ಗರ್ಭನಿರೋಧಕ ಗುಳಿಗೆಯು 1961ರಲ್ಲಿಯೇ ಪಶ್ಚಿಮ ಜರ್ಮನಿಯ ಔಷಧದ ಅಂಗಡಿಗಳಿಗೆ ಬಂದಿತ್ತು. 1968ರ ವಿದ್ಯಾರ್ಥಿ ಚಳವಳಿಯು, ಯುದ್ಧಕಾಲದಲ್ಲಿ ನೀವೇನು ಮಾಡುತ್ತಿದ್ದಿರಿ ಎಂದು ತಂದೆಯರನ್ನು ನೇರವಾಗಿ ಕೇಳಿತು. ಕೇಳಿದವರಿಗೆ, ಯಾವ ಪ್ರಶ್ನೆಯನ್ನೂ ಎತ್ತದೆ ಎಲ್ಲರನ್ನೂ ಸಂತೈಸುವ ಶ್ಲಾಗರ್ ಹಾಡು ಹಿರಿಯರ ಮೌನದ ಒಂದು ಭಾಗವಾಗಿಯೇ ಕಂಡಿತು. ಮನೆಯ ಆಡಳಿತವು ಹೆಂಡತಿಯ ಕರ್ತವ್ಯವೆಂದೂ, ಸಂಸಾರಕ್ಕೆ ತೊಡಕಾಗದಿದ್ದರೆ ಮಾತ್ರ ಆಕೆ ಹೊರಗೆ ದುಡಿಯಬಹುದೆಂದೂ ವಿಧಿಸಿದ್ದ ಕಾನೂನು 1977ರ ಜುಲೈ ಒಂದರಿಂದ ಬದಲಾಯಿತು. ವಿಚ್ಛೇದನಕ್ಕೆ ತಪ್ಪು ಯಾರದೆಂದು ಸಾಧಿಸಬೇಕಾದ ಅಗತ್ಯವೂ ಅಂದಿಗೆ ತಪ್ಪಿತು. ಬಿಳಿಯುಡುಗೆಯ ಕನಸು ಅಳಿಯಿತೆಂದು ಇದರ ಅರ್ಥವಲ್ಲ. ಆದರೆ ಅದು ಎಲ್ಲರ ಏಕೈಕ ಕನಸಾಗಿ ಉಳಿಯಲಿಲ್ಲ.

ಚಿತ್ರರಂಗದಲ್ಲಿಯೂ ಹೀಗೆಯೇ ಆಯಿತು. ಹಳೆಯ ಜರ್ಮನ್ ಚಲನಚಿತ್ರವು ಸತ್ತಿತೆಂದು 1962ರಲ್ಲಿ ಓಬರ್‌ಹೌಸೆನ್ ಪಟ್ಟಣದಲ್ಲಿ ತರುಣ ನಿರ್ದೇಶಕರು ಘೋಷಿಸಿದ್ದರು. 1972ರಲ್ಲಿ ವೆರ್ನರ್ ಹೆರ್ತ್ಸೋಗನು ಅಮೆಜಾನ್ ಕಾಡಿನಲ್ಲಿ ತೆಗೆದ 'ಅಗೀರೆ' ಚಿತ್ರವು ಹೊರಬಂದಿತು. ಮತ್ತೊಬ್ಬ ನಿರ್ದೇಶಕ ಫಾಸ್‌ಬಿಂಡರನು ವರ್ಷಕ್ಕೆ ಹಲವು ಚಿತ್ರಗಳಂತೆ ಜರ್ಮನ್ ಮಧ್ಯಮವರ್ಗದ ಅಂತರಂಗವನ್ನು ಬಗೆದು ತೋರಿಸುತ್ತಿದ್ದನು. ಅದೇ ವರ್ಷ ರಾಯ್ ಬ್ಲ್ಯಾಕ್ ಅಭಿನಯಿಸಿದ ಚಿತ್ರವು 'ಗ್ರ್ಯೂನ್ ಇಸ್ಟ್ ಡೀ ಹೈಡೆ'. 1951ರಲ್ಲಿ ಜನರನ್ನು ಮುಗಿಬೀಳಿಸಿದ್ದ, ಹಸುರು ಬಯಲುಗಳ ನಡುವಣ ಪ್ರಣಯಕಥೆಯೊಂದರ ಪುನರಾವೃತ್ತಿ. ಹೊಸ ಚಿತ್ರಗಳು ಗಳಿಸಿದ ಹಣ ಕಡಮೆ. ಆದರೆ ವಿಮರ್ಶಕರ ಗೌರವವೆಲ್ಲ ಅವುಗಳ ಪಾಲಾಯಿತು, ಮತ್ತು ಹಳೆಯ ಮಾದರಿಯ ಚಿತ್ರಗಳಿಗೆ ಬರುತ್ತಿದ್ದ ಹಣವೂ ಕೆಲವೇ ವರ್ಷಗಳಲ್ಲಿ ಬತ್ತಿತು.

ಇನ್ನು ಸಂಗೀತದ ಮಾತು. ಬವೇರಿಯದ ಬಾನುಲಿಯ ಮೂರನೆಯ ವಾಹಿನಿ 1971ರಲ್ಲಿಯೂ, ನೈಋತ್ಯ ಜರ್ಮನಿಯ ಎಸ್‌ಡಬ್ಲ್ಯೂಎಫ್-3 ವಾಹಿನಿ 1975ರಲ್ಲಿಯೂ ಆರಂಭವಾಗಿ, ಇಂಥ ಹೊಸ ವಾಹಿನಿಗಳಲ್ಲಿ ಇಂಗ್ಲಿಷ್ ಪಾಪ್ ಸಂಗೀತವು ಕ್ರಮೇಣ ಮೇಲುಗೈ ಪಡೆಯಿತು. ರಾಯ್ ಬ್ಲ್ಯಾಕನ ಹುಟ್ಟೂರಿಗೆ ಗಂಟೆಯ ಪ್ರಯಾಣದಷ್ಟೇ ದೂರದ ಮ್ಯೂನಿಕ್ಕಿನಲ್ಲಿ ಜಾರ್ಜೊ ಮೊರೊಡರ್ ಎಂಬ ಇಟಲಿಯ ಸಂಗೀತಗಾರನು ಡೊನಾ ಸಮ್ಮರ್ ಎಂಬ ಅಮೆರಿಕನ್ ಗಾಯಕಿಯ ಧ್ವನಿಯಿಂದ ಡಿಸ್ಕೊ ಸಂಗೀತದ ಹೊಸ ಯುಗವನ್ನೇ ತೆರೆದನು. ಅದೇ ನಗರದ 'ಸಿಲ್ವರ್ ಕನ್ವೆನ್ಷನ್' ತಂಡದ 'ಫ್ಲೈ, ರಾಬಿನ್, ಫ್ಲೈ' 1975ರಲ್ಲಿ ಅಮೆರಿಕದ ಪಟ್ಟಿಯಲ್ಲಿ ಮೊದಲನೆಯ ಸ್ಥಾನವನ್ನು ಪಡೆಯಿತು. ಜನರು ಜರ್ಮನ್ ಭಾಷೆಯ ಹಾಡನ್ನೇ ಒಲ್ಲೆವೆಂದರು, ಆದುದರಿಂದ ರಾಯ್ ಬ್ಲ್ಯಾಕನು ಇಳಿದನು ಎಂದು ಕೆಲವರು ವಾದಿಸುವುದುಂಟು. ಆ ವಾದವು ನಿಲ್ಲುವಂತಿಲ್ಲ. ಎಂಬತ್ತರ ದಶಕದ ಆರಂಭದಲ್ಲಿ ಟ್ರಿಯೊ, ನೇನಾ ಮುಂತಾದವರು ಜರ್ಮನ್ ಭಾಷೆಯಲ್ಲಿಯೇ ಹಾಡಿದರು; ನೇನಾಳಂತೂ ಅಣುಯುದ್ಧದ ಭೀತಿಯನ್ನು ವಸ್ತುವಾಗಿ ಉಳ್ಳ ಬೆಲೂನುಗಳ ಹಾಡಿನಿಂದ ಅಮೆರಿಕದಲ್ಲಿಯೂ ಮನ್ನಣೆ ಪಡೆದಳು. ಭಾಷೆಯಲ್ಲಿ ಕೊರತೆಯಿರಲಿಲ್ಲ, ಆ ಭಾಷೆಯಲ್ಲಿ ಹೇಳಬೇಕಾದ ಸಂಗತಿಗಳು ಬದಲಾಗಿದ್ದವು.

ರಾಯ್ ಬ್ಲ್ಯಾಕನು ಈ ಬದಲಾವಣೆಗಳನ್ನು ಅರಿಯದ ಮಂದಮತಿಯಾಗಿದ್ದನೆಂದು ಭಾವಿಸಲಾಗದು. ತಾನು ಹಾಡುತ್ತಿದ್ದ ಹಾಡುಗಳಿಗೂ ತಾನು ಮೆಚ್ಚುತ್ತಿದ್ದ ಸಂಗೀತಕ್ಕೂ ಇದ್ದ ಅಂತರವು ಆತನಿಗೆ ಜೀವನಪರ್ಯಂತ ನೋವಿನ ವಿಷಯವಾಗಿತ್ತು. ಆತನನ್ನು ಬಲ್ಲ ಹಲವರು ಇದನ್ನು ಹೇಳಿದ್ದಾರೆ. ಆದರೆ ಆ ಬಿಳಿಯುಡುಗೆಯ ಹಾಡನ್ನು ಹಾಡದೆ ವೇದಿಕೆಯಿಂದ ಇಳಿಯಲು ಯಾವ ಊರಿನ ಸಭೆಯೂ ಆತನನ್ನು ಬಿಡುತ್ತಿರಲಿಲ್ಲ. ಹಾಡಿದರೆ ಹಳಬನೆಂಬ ಹೆಸರು, ಹಾಡದಿದ್ದರೆ ಕೃತಘ್ನನೆಂಬ ಹೆಸರು. ಎಪ್ಪತ್ತರ ದಶಕದ ಮಧ್ಯದಿಂದ ಮುದ್ರಿಕೆಗಳ ಮಾರಾಟ ಇಳಿಯುತ್ತ ಬಂದು, ಮಹಾನಗರಗಳ ಸಭಾಂಗಣಗಳು ತಪ್ಪಿ, ಸಣ್ಣ ಊರುಗಳ ಉತ್ಸವಗಳೂ ಬಿಯರ್ ಡೇರೆಗಳೂ ಆತನ ವೇದಿಕೆಗಳಾದವು. 1974ರಲ್ಲಿ ಆದ ಮದುವೆ 1985ರಲ್ಲಿ ವಿಚ್ಛೇದನದಲ್ಲಿ ಮುಗಿಯಿತು. 1986ರಲ್ಲಿ ಹೃದಯದ ಶಸ್ತ್ರಚಿಕಿತ್ಸೆ ನಡೆದು ಕೃತಕ ಕವಾಟಗಳನ್ನು ಅಳವಡಿಸಬೇಕಾಯಿತು. ಮದ್ಯದೊಡನೆ ಆತನ ಹೋರಾಟವನ್ನು ಪತ್ರಿಕೆಗಳು ವಿವರವಿವರವಾಗಿ ವರದಿ ಮಾಡಿದವು. ಹಿಂದೆ ಆತನ ಮುಗುಳ್ನಗೆಯನ್ನು ಮಾರಿದ ಪತ್ರಿಕೆಗಳಿಗೆ ಆತನ ಸಂಕಟವೂ ಮಾರಾಟದ ವಸ್ತುವೇ ಆಯಿತು.

ಮರಳಿ ಬಂದ ಕೀರ್ತಿ

ಇಲ್ಲಿಗೆ ಕಥೆ ಮುಗಿದಿದ್ದರೆ ಅದೊಂದು ಸಾಮಾನ್ಯ ಇಳಿಗಾಲದ ಕಥೆಯಾಗುತ್ತಿತ್ತು. ಆದರೆ 1984ರ ಜನವರಿಯಿಂದ ಜರ್ಮನ್ ವೀಕ್ಷಕರಿಗೆ ಖಾಸಗಿ ದೂರದರ್ಶನವು ಲಭ್ಯವಾಗಿ, ಅದುವರೆಗೆ ಸಾರ್ವಜನಿಕ ಸಂಸ್ಥೆಗಳ ಏಕಸ್ವಾಮ್ಯದಲ್ಲಿದ್ದ ತೆರೆಯು ಖಾಸಗಿ ಸಂಸ್ಥೆಗಳಿಗೂ ತೆರೆದುಕೊಂಡಿತು. ಆರ್‌ಟಿಎಲ್ ಪ್ಲುಸ್ ಎಂಬ ಹೊಸ ವಾಹಿನಿಗೆ ಬೇಕಾಗಿದ್ದುದು, ಹೊಸದಾಗಿ ಪರಿಚಯಿಸುವ ಶ್ರಮವಿಲ್ಲದೆ ದೊಡ್ಡ ಪ್ರೇಕ್ಷಕಸಮೂಹವನ್ನು ಒಮ್ಮೆಗೇ ಎಳೆದು ತರಬಲ್ಲ ಮುಖ. ಆಸ್ಟ್ರಿಯದ ಕ್ಯಾರಿಂಥಿಯ ಪ್ರಾಂತ್ಯದಲ್ಲಿ, ವ್ಯೋರ್ಥರ್‌ಸೀ ಸರೋವರದ ತಡಿಯ ಫೆಲ್ಡೆನ್ ಊರಿನ ಹಳೆಯ ಅರಮನೆಯನ್ನು ಕಥಾಸ್ಥಾನವಾಗಿಟ್ಟುಕೊಂಡು, 'ಐನ್ ಶ್ಲೋಸ್ ಆಮ್ ವ್ಯೋರ್ಥರ್‌ಸೀ' ಎಂಬ ಧಾರಾವಾಹಿಯು ಸಿದ್ಧವಾಯಿತು. ರಾಯ್ ಬ್ಲ್ಯಾಕನದು ಅಲ್ಲಿ ಲೆನ್ನಿ ಬೆರ್ಗರ್ ಎಂಬ ಹೋಟೆಲು ನಿರ್ವಾಹಕನ ಪಾತ್ರ. 1990ರ ಅಕ್ಟೋಬರಿನಲ್ಲಿ, ಎರಡು ಜರ್ಮನಿಗಳು ಒಂದಾದ ಅದೇ ತಿಂಗಳಲ್ಲಿ, ಆ ಧಾರಾವಾಹಿ ಪ್ರಸಾರಕ್ಕೆ ಬಂದು ಲಕ್ಷಾಂತರ ಮನೆಗಳನ್ನು ಸೂರೆಗೊಂಡಿತು.

ಆದರೆ ಮರಳಿ ಬಂದ ಆ ಕೀರ್ತಿಯು ಹಳೆಯ ಕರಾರನ್ನೇ ಕೈಯಲ್ಲಿ ಹಿಡಿದು ಬಂದಿತ್ತು. ನೀಲಿ ಸರೋವರ, ಹಳದಿ ಅರಮನೆ, ಶಿಷ್ಟಾಚಾರದ ನಾಯಕ, ಸುಖಾಂತ. ಇಪ್ಪತ್ತು ವರ್ಷಗಳ ಹಿಂದಿನ ಚಿತ್ರಗಳಲ್ಲಿ ಆತನು ಯಾವ ರೂಪದಲ್ಲಿದ್ದನೋ ಅದೇ ರೂಪದಲ್ಲಿ, ಕೂದಲಿನ ಕಪ್ಪನ್ನೂ ಮುಖದ ನಗೆಯನ್ನೂ ಉಳಿಸಿಕೊಂಡು, ಆತನು ತೋರಬೇಕಾಗಿತ್ತು. ಪ್ರೇಕ್ಷಕರು ಸಂತೋಷಪಟ್ಟುದು ಆತನು ಮರಳಿ ಬಂದನೆಂದಲ್ಲ, ತಮ್ಮ ತಾರುಣ್ಯವು ಮರಳಿ ಬಂದಿತೆಂದು. ಎರಡನೆಯ ವರ್ಷದ ಕಂತುಗಳ ಹೊತ್ತಿಗೆ ಹೃದಯವು ಸೋತು ಆತನು ಮರಣಹೊಂದಿದನು. ಸ್ಟ್ರಾಸ್‌ಬೆರ್ಗಿನಲ್ಲಿ ನಡೆದ ಅಂತ್ಯಕ್ರಿಯೆಗೆ ದೂರದೂರದಿಂದ ಅಭಿಮಾನಿಗಳು ನೆರೆದರು. ಧಾರಾವಾಹಿಯಾದರೋ ಆತನಿಲ್ಲದೆಯೂ 1993ರವರೆಗೆ ಮುಂದುವರಿಯಿತು.

ಇಬ್ಬರು ಸಮಕಾಲೀನರು

ಇದು ಒಬ್ಬನ ವಿಧಿಯೇ, ಅಥವಾ ಆ ವೃತ್ತಿಯ ಸ್ವಭಾವವೇ ಎಂಬುದನ್ನು ತಿಳಿಯಲು ಆತನ ಸಮಕಾಲೀನರಿಬ್ಬರ ಕಡೆ ನೋಡುವುದು ಉಚಿತ. ರೆಕ್ಸ್ ಗಿಲ್ಡೊ ಎಂಬ ಗಾಯಕನು 1972ರ 'ಫಿಯೆಸ್ಟಾ ಮೆಕ್ಸಿಕಾನಾ' ಹಾಡಿನಿಂದ ಮನೆಮಾತಾದವನು. ಆತನೂ ಬವೇರಿಯದವನೇ, ಆತನ ಹೆಸರೂ ಕೃತಕವೇ, ಆತನೂ ಅನ್ಯರು ರಚಿಸಿದ ಹಾಡುಗಳನ್ನೇ ಹಾಡಿದವನು. ಅರವತ್ತು ದಾಟಿದ ಮೇಲೆಯೂ ಯುವಕನ ವೇಷವನ್ನು ಕಳಚಲಾಗದೆ, 1999ರ ಅಕ್ಟೋಬರಿನಲ್ಲಿ ಪೀಠೋಪಕರಣದ ಅಂಗಡಿಯೊಂದರ ಬಳಿ ಗಿರಾಕಿಗಳ ಮುಂದೆ ಹಾಡಿದುದೇ ಆತನ ಕಡೆಯ ಕಾರ್ಯಕ್ರಮವಾಯಿತು. ಅನಂತರ ಮ್ಯೂನಿಕ್ಕಿನ ತನ್ನ ಮನೆಯ ಕಿಟಕಿಯಿಂದ ಬಿದ್ದು ಕೆಲವೇ ದಿನಗಳಲ್ಲಿ ಅಸುನೀಗಿದನು.

ಮತ್ತೊಬ್ಬನು ಉಡೊ ಯೂರ್ಗೆನ್ಸ್, 1934ರಲ್ಲಿ ಆಸ್ಟ್ರಿಯದ ಕ್ಲಾಗೆನ್‌ಫುರ್ಟಿನಲ್ಲಿ ಹುಟ್ಟಿದವನು. ರಾಯ್ ಬ್ಲ್ಯಾಕನ ಬಿಳಿಯುಡುಗೆಯ ಹಾಡು ಮೆರೆದ 1966ರಲ್ಲಿಯೇ ಈತನು ಯುರೋವಿಷನ್ ಗಾನಸ್ಪರ್ಧೆಯನ್ನು ಗೆದ್ದನು. ಆದರೆ ಪಿಯಾನೊ ನುಡಿಸಿ ತನ್ನ ರಾಗಗಳನ್ನು ತಾನೇ ಕಟ್ಟುತ್ತಿದ್ದ ಯೂರ್ಗೆನ್ಸನಿಗೆ ಕಾಲದೊಡನೆ ಮಾತಾಡುವ ಮಾರ್ಗವೊಂದು ತೆರೆದಿತ್ತು. 1974ರಲ್ಲಿ ಮೀಖಾಯೆಲ್ ಕುಂಟ್ಸೆ ಬರೆದುಕೊಟ್ಟ ಸಾಹಿತ್ಯಕ್ಕೆ ರಾಗ ಹಾಕಿ, ಜರ್ಮನಿಯ ಕಾರ್ಖಾನೆಗಳಲ್ಲಿ ದುಡಿಯಲು ಬಂದ ಗ್ರೀಕ್ ಕಾರ್ಮಿಕರ ಊರಿನ ಹಂಬಲವನ್ನು 'ಗ್ರೀಖಿಶರ್ ವೈನ್' ಹಾಡಿನಲ್ಲಿ ಹಾಡಿದನು. ಮದುವೆಯಿಲ್ಲದೆ ಒಟ್ಟಿಗೆ ವಾಸಿಸುವ ಜೋಡಿಯನ್ನು ಮನೆಯಿಂದ ಹೊರಡಿಸಬಯಸುವ ನೆರೆಹೊರೆಯವರ ಕಪಟವನ್ನು ಮತ್ತೊಂದು ಹಾಡಿನಲ್ಲಿ ಬಯಲಿಗೆಳೆದನು. ಡಿಸ್ಕೊ ಲೋಕದ 'ಸಿಲ್ವರ್ ಕನ್ವೆನ್ಷನ್' ತಂಡದ ಹಿಂದಿದ್ದವನೂ ಇದೇ ಕುಂಟ್ಸೆ ಎಂಬುದು ಸ್ಮರಣೀಯ. ಸಾಹಿತಿಗಳೂ ನಿರ್ಮಾಪಕರೂ ಕಾಲಕ್ಕೆ ತಕ್ಕಂತೆ ಒಂದು ಪ್ರಕಾರದಿಂದ ಇನ್ನೊಂದಕ್ಕೆ ಸುಲಭವಾಗಿ ದಾಟಬಲ್ಲವರಾಗಿದ್ದರು. ಏಕೆಂದರೆ ಅವರ ಮುಖವನ್ನು ಯಾರೂ ನೋಡಿರಲಿಲ್ಲ. ಯೂರ್ಗೆನ್ಸನು ಎಂಬತ್ತನೆಯ ವಯಸ್ಸಿನಲ್ಲಿ, ಸಂಗೀತಯಾತ್ರೆಯ ನಡುವಿನ ಬಿಡುವಿನಲ್ಲಿ, 2014ರ ಡಿಸೆಂಬರಿನಲ್ಲಿ ತೀರಿಕೊಂಡನು. ಅದಕ್ಕೆ ಎರಡು ವಾರಗಳ ಹಿಂದೆಯಷ್ಟೇ ಜ್ಯೂರಿಕ್ಕಿನಲ್ಲಿ ತುಂಬಿದ ಸಭೆಯ ಮುಂದೆ ಹಾಡಿದ್ದನು.

ತಾನೇ ರಚಿಸುವವನು ಉಳಿಯುತ್ತಾನೆ, ಪರರ ರಚನೆಯನ್ನು ಹಾಡುವವನು ಅಳಿಯುತ್ತಾನೆ ಎಂದು ಇದರಿಂದ ಸೂತ್ರ ಕಟ್ಟಲು ಹೊರಡಬಾರದು. ಪರರ ಹಾಡನ್ನೇ ಹಾಡಿ ಗೌರವದಿಂದ ಮುಪ್ಪನ್ನು ಕಂಡ ಗಾಯಕರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಭೇದವಿರುವುದು ಬೇರೆಡೆಯಲ್ಲಿ. ಯೂರ್ಗೆನ್ಸನಿಂದ ಜನರು ನಿರೀಕ್ಷಿಸುತ್ತಿದ್ದುದು ಮುಂದಿನ ಹಾಡನ್ನು. ರಾಯ್ ಬ್ಲ್ಯಾಕನಿಂದ ನಿರೀಕ್ಷಿಸುತ್ತಿದ್ದುದು ಹಿಂದಿನ ಹಾಡನ್ನು. ಮೊದಲನೆಯವನಿಗೆ ವಯಸ್ಸಾಗಲು ಅನುಮತಿಯಿತ್ತು. ಎರಡನೆಯವನಿಗೆ ಅದು ಕರಾರಿನ ಉಲ್ಲಂಘನೆಯಾಗುತ್ತಿತ್ತು.

1996ರಲ್ಲಿ ರಾಯ್ ಬ್ಲ್ಯಾಕನ ಬದುಕನ್ನು ಕುರಿತು ಒಂದು ದೂರದರ್ಶನ ಚಿತ್ರವು ತಯಾರಾಯಿತು. ಆತನ ಪಾತ್ರವನ್ನು ವಹಿಸಿದವನು, ಮುಂದೆ ಹಾಲಿವುಡ್ಡಿಗೆ ಹೋಗಿ ಎರಡು ಆಸ್ಕರ್ ಪ್ರಶಸ್ತಿಗಳನ್ನು ಪಡೆದ ಕ್ರಿಸ್ಟೋಫ್ ವಾಲ್ಟ್ಸ್. ಶ್ಲಾಗರ್ ಸಂಗೀತವಾದರೋ ಸಾಯಲಿಲ್ಲ. ತೊಂಬತ್ತರ ದಶಕದಲ್ಲಿ ತರುಣರು ಅದನ್ನು ಅರ್ಧ ಹಾಸ್ಯಕ್ಕೆ, ಅರ್ಧ ಪ್ರೀತಿಗೆ ಮತ್ತೆ ಹಾಡತೊಡಗಿದರು. ಹೆಲೆನೆ ಫಿಶರ್ ಎಂಬ ಗಾಯಕಿ 2013ರಲ್ಲಿ ಹೊರತಂದ 'ಆಟೆಮ್‌ಲೋಸ್ ದುರ್ಖ್ ಡೀ ನಾಖ್ಟ್' ಹಾಡಿನಿಂದ ಕ್ರೀಡಾಂಗಣಗಳು ತುಂಬುವಂತಾದವು. ರಾಯ್ ಬ್ಲ್ಯಾಕನಿಗೆ ಪುನರ್ಜನ್ಮ ಕೊಟ್ಟ ಆರ್‌ಟಿಎಲ್ ವಾಹಿನಿಯೇ 2002ರಿಂದ, ಅಜ್ಞಾತ ತರುಣರನ್ನು ವೇದಿಕೆಗೆ ತಂದು ಪ್ರೇಕ್ಷಕರ ಮತದಿಂದ ಒಬ್ಬರನ್ನು ತಾರೆಯನ್ನಾಗಿ ಆರಿಸುವ ಸ್ಪರ್ಧೆಯನ್ನು ನಡೆಸುತ್ತ ಬಂದಿತು. ಅಲ್ಲಿ ಗೆದ್ದವರಲ್ಲಿ ಹೆಚ್ಚಿನವರ ಹೆಸರು ಮುಂದಿನ ವರ್ಷದ ವಿಜೇತರು ಬರುವ ಹೊತ್ತಿಗೆ ಮಾಸತೊಡಗುತ್ತದೆ. ಹಿಂದೆ ಹತ್ತು ವರ್ಷ ಹಿಡಿಯುತ್ತಿದ್ದ ಏರಿಳಿತವು ಈಗ ಹನ್ನೆರಡು ತಿಂಗಳಲ್ಲಿ ಮುಗಿಯುತ್ತದೆಂಬುದಷ್ಟೇ ವ್ಯತ್ಯಾಸ.

ಆದುದರಿಂದ ಇಂಥ ಬದುಕುಗಳನ್ನು ವಿಚಾರಿಸುವಾಗ, ಆತನು ಏಕೆ ಇಳಿದನು ಎಂಬ ಪ್ರಶ್ನೆಗೆ ಮೊದಲು, ಆತನು ಏರಿದಾಗ ಏನನ್ನು ಒತ್ತೆಯಿಟ್ಟನು ಎಂದು ಕೇಳುವುದು ನ್ಯಾಯ. ರಾಯ್ ಬ್ಲ್ಯಾಕನು ಒತ್ತೆಯಿಟ್ಟುದು, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಬೇರೊಬ್ಬನಾಗುವ ಹಕ್ಕನ್ನು. ಕಂಪನಿ ಅದನ್ನು ಕೊಂಡಿತು, ಪತ್ರಿಕೆಗಳು ಅದನ್ನು ಕಾಪಾಡಿದವು. ಆದರೆ ಅದನ್ನು ಬಿಡಿಸಿಕೊಡುವ ಶಕ್ತಿ ಇದ್ದುದು ಕಂಪನಿಗೂ ಅಲ್ಲ, ಪತ್ರಿಕೆಗಳಿಗೂ ಅಲ್ಲ. ಪ್ರತಿ ಸಂಜೆಯೂ ಅದೇ ಹಾಡನ್ನು ಕೂಗಿ ಕೇಳುತ್ತಿದ್ದ, ಆತನನ್ನು ನಿಜವಾಗಿಯೂ ಪ್ರೀತಿಸುತ್ತಿದ್ದ ಶ್ರೋತೃಗಳಿಗೆ. ಗಾಯಕನೊಬ್ಬನನ್ನು ಮೆಚ್ಚುವವರು ಆತನ ಹಳೆಯ ಹಾಡಿಗೆ ಚಪ್ಪಾಳೆ ತಟ್ಟುವಷ್ಟೇ ಉದಾರವಾಗಿ ಆತನ ಹೊಸ ತಪ್ಪುಗಳನ್ನೂ ಕೇಳಿಸಿಕೊಳ್ಳಬಲ್ಲವರಾದರೆ, ಆ ಮೆಚ್ಚುಗೆಯಿಂದ ಆತನಿಗೆ ಉಸಿರಾಡಲು ಎಡೆ ದೊರೆಯುತ್ತದೆ.